ಸಾಕ್ಷಿಯನ್ನು ಕರೆಯದ ಇತಿಹಾಸಪಾಠ

ಪ್ರಾಚೀನ ಗ್ರೀಸಿನ ಇತಿಹಾಸವನ್ನು ನಮ್ಮ ವಿಶ್ವವಿದ್ಯಾಲಯಗಳಲ್ಲಿ ಏಕೆ ಕಲಿಸಬೇಕು ಎಂಬ ಪ್ರಶ್ನೆ ಪಠ್ಯಕ್ರಮ ಬದಲಾಗುವ ಹೊತ್ತಿಗೆಲ್ಲ ಏಳುತ್ತದೆ. ಏಳುವುದು ತಪ್ಪಲ್ಲ. ಆದರೆ ಅದಕ್ಕೆ ದೊರೆಯುವ ಉತ್ತರಗಳೆರಡೂ, ಪರವಾದದ್ದೂ ವಿರೋಧವಾದದ್ದೂ, ಒಂದೇ ಹಳಸಿದ ಪಾತ್ರೆಯಿಂದ ಬಡಿಸಿದವು. ಅದು ಯುರೋಪಿನವರ ಪೂರ್ವಜರ ಕಥೆ, ಬ್ರಿಟಿಷರು ಬಿಟ್ಟುಹೋದ ಪಳೆಯುಳಿಕೆ, ನಮಗೇಕೆ ಎನ್ನುವವರದು ಒಂದು ಪಕ್ಷ. ಪ್ರಜಾಪ್ರಭುತ್ವ, ತತ್ತ್ವಶಾಸ್ತ್ರ, ನಾಟಕ, ಒಲಿಂಪಿಕ್ ಕ್ರೀಡೆ ಎಲ್ಲವನ್ನೂ ಲೋಕಕ್ಕೆ ಕೊಟ್ಟ ನಾಡು ಅದು, ಬಿಡುವುದುಂಟೆ ಎನ್ನುವವರದು ಇನ್ನೊಂದು. ಮುಂಬಯಿಯ ಕಾಲೇಜೊಂದರಲ್ಲಿ ಮೂರು ದಶಕಗಳ ಕಾಲ ಈ ಪಾಠವನ್ನು ಮಾಡಿದವನಾಗಿ ನಾನು ಹೇಳುವುದಿಷ್ಟು: ಮೊದಲಿನವರು ಬಯ್ಯುವುದೂ ಎರಡನೆಯವರು ಹೊಗಳುವುದೂ ಒಂದೇ ವಸ್ತುವನ್ನು, ಮತ್ತು ಆ ವಸ್ತು ಗ್ರೀಸಿನ ಇತಿಹಾಸವಲ್ಲ. ಅದು ಗ್ರೀಸಿನ ಬಗೆಗಿನ ನೋಟ್ಸು.

ಆ ನೋಟ್ಸಿನ ಸ್ವರೂಪ ಓದುಗರಲ್ಲಿ ಅನೇಕರಿಗೆ ಪರಿಚಿತವೇ. ಅಥೆನ್ಸ್ ಒಂದು ಕಡೆ, ಸ್ಪಾರ್ಟಾ ಇನ್ನೊಂದು ಕಡೆ, ನಡುವೆ ಅಡ್ಡಗೋಡೆಯಂತೆ ಒಂದು ಗೆರೆ. ಸೋಲನ್, ಕ್ಲೈಸ್ಥೆನೀಸ್, ಪೆರಿಕ್ಲೀಸ್ ಇವರ ಸುಧಾರಣೆಗಳು ತಲಾ ಐದೈದು. ಪರ್ಶಿಯನ್ ಯುದ್ಧಗಳ ಕಾರಣ, ಪರಿಣಾಮ. ಪೆರಿಕ್ಲೀಸನ ಕಾಲವನ್ನು ಸುವರ್ಣಯುಗವೆಂದು ಕರೆಯಲು ಕಾರಣಗಳು. ಕೊನೆಯಲ್ಲಿ, ವಿಶ್ವ ನಾಗರಿಕತೆಗೆ ಗ್ರೀಸಿನ ಕೊಡುಗೆ. ಗ್ರೀಸ್ ಎಂದಿರುವಲ್ಲಿ ಗುಪ್ತರು ಎಂದು ತಿದ್ದಿದರೆ ಅದೇ ಉತ್ತರ ಇನ್ನೊಂದು ಪತ್ರಿಕೆಗೂ ನಡೆದೀತು. ಇಷ್ಟನ್ನೂ ಬಾಯಿಪಾಠ ಮಾಡಿ ಪ್ರಥಮ ದರ್ಜೆಯಲ್ಲಿ ಪಾಸಾದ ವಿದ್ಯಾರ್ಥಿಯನ್ನು, ಇದನ್ನು ನಿನಗೆ ಹೇಳಿದವರು ಯಾರು ಎಂದು ಕೇಳಿ ನೋಡಿ. ಪುಸ್ತಕದ ಹೆಸರು ಹೇಳುತ್ತಾನೆ. ಆ ಪುಸ್ತಕಕ್ಕೆ ಹೇಳಿದವರು ಯಾರು? ಆ ಪ್ರಶ್ನೆಯನ್ನು ಅವನಿಗೆ ಯಾರೂ ಕೇಳಿಲ್ಲ. ಅವನ ಗುರುಗಳಿಗೂ ಯಾರೂ ಕೇಳಿರಲಿಲ್ಲ.

ಒಂದು ಅಂಕಿಯನ್ನೇ ತೆಗೆದುಕೊಳ್ಳೋಣ. ಅಥೆನ್ಸಿನಲ್ಲಿ ನಾಲ್ಕು ಲಕ್ಷ ಗುಲಾಮರಿದ್ದರು ಎಂಬ ಮಾತು ಗೈಡುಗಳಲ್ಲಿ ಇಂದಿಗೂ ಜೀವಂತವಾಗಿದೆ. ಅದು ಬಂದದ್ದು ಎಲ್ಲಿಂದ? ಕ್ರಿ.ಪೂ. ನಾಲ್ಕನೆಯ ಶತಮಾನದ ಕೊನೆಯಲ್ಲಿ ಅಥೆನ್ಸನ್ನು ಆಳಿದ ಫಲೇರಮ್ಮಿನ ಡಿಮಿಟ್ರಿಯಸ್ ಒಂದು ಜನಗಣತಿ ಮಾಡಿಸಿದನಂತೆ: 21,000 ನಾಗರಿಕರು, 10,000 ಪರಸ್ಥಳದ ನಿವಾಸಿಗಳು, 4,00,000 ಗುಲಾಮರು. ಆ ಗಣತಿಯ ದಾಖಲೆ ನಮ್ಮಲ್ಲಿಲ್ಲ. ಕ್ಟೆಸಿಕ್ಲೀಸ್ ಎಂಬಾತ ಅದನ್ನು ತನ್ನ ಗ್ರಂಥದಲ್ಲಿ ಹೇಳಿದ್ದ. ಆ ಗ್ರಂಥವೂ ಇಲ್ಲ. ಅದರಿಂದ ಎತ್ತಿ ನಮಗೆ ಉಳಿಸಿಕೊಟ್ಟವನು ಅಥೆನೇಯಸ್, ಸುಮಾರು ಕ್ರಿ.ಶ. 200ರ ಹೊತ್ತಿಗೆ, ಅಂದರೆ ಗಣತಿಯಾಗಿ ಐದು ಶತಮಾನ ಕಳೆದ ಮೇಲೆ. ಅದೂ ಔತಣಕೂಟದಲ್ಲಿ ಕುಳಿತ ವಿದ್ವಾಂಸರು ಹರಟೆ ಹೊಡೆಯುವ ಮಾದರಿಯ ಒಂದು ಪುಸ್ತಕದಲ್ಲಿ. ಅದೇ ಹರಟೆಯಲ್ಲಿ ಈಜಿನಾ ದ್ವೀಪದಲ್ಲಿ 4,70,000 ಗುಲಾಮರಿದ್ದರೆಂಬ ಮಾತೂ ಬರುತ್ತದೆ. ಈಜಿನಾದ ವಿಸ್ತೀರ್ಣ ತೊಂಬತ್ತು ಚದರ ಕಿಲೋಮೀಟರಿಗಿಂತ ಕಡಿಮೆ. ಗಿರಣಗಾಂವಿನ ಚಾಳುಗಳನ್ನು ಕಂಡ ನಮಗೆ ಜನದಟ್ಟಣೆ ಹೊಸದಲ್ಲ. ಆದರೂ ಆ ಕಲ್ಲುಗುಡ್ಡದ ದ್ವೀಪ ಅಷ್ಟು ಹೊಟ್ಟೆಗಳಿಗೆ ಧಾನ್ಯವನ್ನು ಎಲ್ಲಿಂದ ತಂದೀತು, ನೀರನ್ನು ಎಲ್ಲಿಂದ ಸೇದೀತು ಎಂದು ಕೇಳಿಕೊಳ್ಳಲು ಗ್ರೀಕ್ ಭಾಷೆ ಬರಬೇಕಾಗಿಲ್ಲ, ಅಡಿಗೆಮನೆಯ ಲೆಕ್ಕ ಬಂದರೆ ಸಾಕು. ಎಂ.ಐ. ಫಿನ್ಲಿಯವರು ಅಥೆನ್ಸಿನ ಗುಲಾಮರ ಸಂಖ್ಯೆಯನ್ನು ಅರುವತ್ತರಿಂದ ಎಂಬತ್ತು ಸಾವಿರದೊಳಗೆ ಇಟ್ಟರು. ಅದೂ ಅಂದಾಜೇ. ಆದರೆ ತಾನು ಅಂದಾಜೆಂದು ಒಪ್ಪಿಕೊಳ್ಳುವ ಅಂದಾಜು.

ನಮ್ಮ ಪಠ್ಯಕ್ರಮಗಳು ಸುಧಾರಿಸಿಲ್ಲವೆಂದು ನಾನು ಹೇಳಲಾರೆ. ಒಂದು ಕಾಲಕ್ಕೆ 1900ರಲ್ಲಿ ಪ್ರಕಟವಾದ ಜೆ.ಬಿ. ಬ್ಯೂರಿಯ ಇತಿಹಾಸವೇ ಎಲ್ಲೆಡೆ ಆಧಾರವಾಗಿತ್ತು, ರಾಜ್ಯ, ಯುದ್ಧ, ಮಹಾಪುರುಷರು. ಆ ಮೇಲೆ ದಿಲ್ಲಿಯಂಥ ವಿಶ್ವವಿದ್ಯಾಲಯಗಳು ಪ್ರಾಚೀನ ಜಗತ್ತಿನ ಪತ್ರಿಕೆಯಲ್ಲಿ ಗುಲಾಮಗಿರಿಯನ್ನೂ ಕೃಷಿಯನ್ನೂ ಪೊಲಿಸ್ ಎಂಬ ನಗರರಾಜ್ಯದ ರಚನೆಯನ್ನೂ ನಡುಮನೆಗೆ ತಂದವು. ಬ್ಯೂರಿ ಹೋಗಿ ಫಿನ್ಲಿ ಬಂದರು. ಒಳ್ಳೆಯದೇ ಆಯಿತು. ಆದರೆ ಪ್ರಾಚೀನರ ಅಂಕಿ-ಅಂಶಗಳನ್ನು ಕಣ್ಣುಮುಚ್ಚಿ ನಂಬಬಾರದೆಂದು ಬದುಕಿಡೀ ವಾದಿಸಿದ ಆ ಫಿನ್ಲಿಯನ್ನೇ ನಮ್ಮವರು ಕಣ್ಣುಮುಚ್ಚಿ ಕಂಠಸ್ಥ ಮಾಡಿಸಿದರು. ಉತ್ತರ ಬದಲಾಯಿತು, ಓದುವ ಕ್ರಮ ಬದಲಾಗಲಿಲ್ಲ.

ಸ್ಪಾರ್ಟಾದ ವಿಷಯ ಇನ್ನೂ ವಿಚಿತ್ರ. 2006ರ ಹಾಲಿವುಡ್ ಚಿತ್ರ ನೋಡಿ ಬಂದ ಹುಡುಗರಿಗೆ ಅದರ ಬಗ್ಗೆ ಎಲ್ಲವೂ ಗೊತ್ತು: ಅಶಕ್ತ ಶಿಶುಗಳನ್ನು ಬೆಟ್ಟದ ಕಂದಕಕ್ಕೆ ಎಸೆಯುತ್ತಿದ್ದರು, ಏಳನೆಯ ವಯಸ್ಸಿಗೆ ಗಂಡುಮಕ್ಕಳನ್ನು ತಾಯಿಯಿಂದ ಕಿತ್ತುಕೊಳ್ಳುತ್ತಿದ್ದರು, ಎಲ್ಲವನ್ನೂ ವಿಧಿಸಿದವನು ಲೈಕರ್ಗಸ್. ಪಠ್ಯಪುಸ್ತಕವೂ ಹೆಚ್ಚುಕಡಿಮೆ ಅದನ್ನೇ ಹೇಳುತ್ತದೆ, ಸಂಗೀತವಿಲ್ಲದೆ. ಸ್ಪಾರ್ಟಾದವರು ತಮ್ಮ ಇತಿಹಾಸವನ್ನು ತಾವು ಬರೆಯಲಿಲ್ಲ; ಟಿರ್ಟೇಯಸ್, ಆಲ್ಕ್‌ಮನ್ ಎಂಬ ಇಬ್ಬರು ಹಳೆಯ ಕವಿಗಳ ತುಣುಕುಗಳು ಬಿಟ್ಟರೆ ಒಳಗಿನ ದನಿ ನಮಗಿಲ್ಲ. ಮಿಕ್ಕವರೆಲ್ಲ ಹೊರಗಿನವರು. ಕ್ಸೆನೊಫನ್ ಅಥೆನ್ಸಿನವನು, ಊರಿನಿಂದ ಹೊರಬಿದ್ದು ಸ್ಪಾರ್ಟಾದ ಆಶ್ರಯದಲ್ಲಿ ಬದುಕಿದವನು. ಶಿಶುಗಳನ್ನು ಎಸೆಯುವ ಕಥೆ ಹೇಳುವವನು ಪ್ಲೂಟಾರ್ಕ್ ಒಬ್ಬನೇ, ಕ್ರಿ.ಶ. 100ರ ಆಸುಪಾಸಿನಲ್ಲಿ, ಲೈಕರ್ಗಸ್ ಬದುಕಿದ್ದನೆಂದಾದರೆ ಅವನಿಗೂ ಪ್ಲೂಟಾರ್ಕನಿಗೂ ಏಳೆಂಟು ಶತಮಾನಗಳ ಅಂತರ. ಪ್ರಾಮಾಣಿಕನಾದ ಪ್ಲೂಟಾರ್ಕ್ ತನ್ನ ಬರಹದ ಆರಂಭದಲ್ಲೇ, ಈ ಲೈಕರ್ಗಸ್ಸನ ಬಗ್ಗೆ ವಿವಾದವಿಲ್ಲದ ಮಾತು ಒಂದೂ ಇಲ್ಲವೆಂದು ಎಚ್ಚರಿಸಿದ್ದಾನೆ. ನಮ್ಮ ಗೈಡು ಬರೆಯುವವರು ಆ ಮೊದಲ ವಾಕ್ಯವನ್ನು ದಾಟಿ ಎರಡನೆಯದರಿಂದ ಓದಲಾರಂಭಿಸಿದಂತಿದೆ. ಫ್ರೆಂಚ್ ವಿದ್ವಾಂಸ ಫ್ರಾಂಸ್ವಾ ಒಲ್ಲಿಯೆ 1933ರಲ್ಲೇ ಇದಕ್ಕೆ ಸ್ಪಾರ್ಟಾದ ಮರೀಚಿಕೆ ಎಂದು ಹೆಸರಿಟ್ಟ. ನಮ್ಮ ತರಗತಿಗಳಲ್ಲಿ ಇನ್ನೂ ಆ ಬಿಸಿಲ್ಗುದುರೆಯ ಮೇಲೇ ಸವಾರಿ.

ಪೆರಿಕ್ಲೀಸನ ಅಂತ್ಯಕ್ರಿಯಾ ಭಾಷಣಕ್ಕೆ ಬರೋಣ. ಕ್ರಿ.ಪೂ. 431-430ರ ಚಳಿಗಾಲದಲ್ಲಿ, ಯುದ್ಧದ ಮೊದಲ ವರ್ಷ ಮಡಿದವರ ಸಂಸ್ಕಾರದ ಸಂದರ್ಭದಲ್ಲಿ ಅವನು ಅಥೆನ್ಸಿನ ಪ್ರಜಾಸತ್ತೆಯನ್ನು ಕೊಂಡಾಡಿದನೆಂಬುದು ನಿಜವಿರಬಹುದು. ಪಠ್ಯಪುಸ್ತಕಗಳು ಅದರ ಸಾಲುಗಳನ್ನು ಪೆರಿಕ್ಲೀಸನ ಬಾಯಿಮಾತೆಂದು ಉದ್ಧರಣ ಚಿಹ್ನೆಗಳ ನಡುವೆ ಅಚ್ಚು ಹಾಕುತ್ತವೆ. ಆ ಸಾಲುಗಳು ಥ್ಯೂಸಿಡಿಡೀಸನವು. ತನ್ನ ಗ್ರಂಥದ ಮೊದಲ ಭಾಗದಲ್ಲಿಯೇ ಅವನು, ಭಾಷಣಗಳನ್ನು ಮಾತಿಗೆ ಮಾತು ನೆನಪಿಡುವುದು ಅಸಾಧ್ಯ, ಆದ್ದರಿಂದ ಒಟ್ಟು ಆಶಯಕ್ಕೆ ಹತ್ತಿರವಿದ್ದು ಸಂದರ್ಭಕ್ಕೆ ಒಪ್ಪುವ ಮಾತುಗಳನ್ನು ಬರೆದಿದ್ದೇನೆ ಎಂಬರ್ಥದಲ್ಲಿ ತಿಳಿಸಿದ್ದಾನೆ. ಅವನೇನು ತಟಸ್ಥನೂ ಅಲ್ಲ: ಕ್ರಿ.ಪೂ. 424ರಲ್ಲಿ ಸೇನಾಪತಿಯಾಗಿ ಆಂಫಿಪೊಲಿಸನ್ನು ಉಳಿಸಲಾರದೆ ಇಪ್ಪತ್ತು ವರ್ಷ ಗಡೀಪಾರಾದವನು. ಆ ಭಾಷಣವನ್ನು ಎಲ್ಲಿ ಇಟ್ಟಿದ್ದಾನೆ ನೋಡಿ. ಅದು ಮುಗಿದ ಕೂಡಲೆ ಬರುವುದು ಮಹಾಮಾರಿ. ಕಾನೂನನ್ನೂ ಸಂಯಮವನ್ನೂ ಹೊಗಳಿಸಿಕೊಂಡ ಊರಿನಲ್ಲಿ ಜನ ಹೆಣಗಳನ್ನು ಪರರ ಚಿತೆಗೆ ಎಸೆದು ಓಡಿಹೋಗುತ್ತಾರೆ. ಅವನೂ ಆ ರೋಗದಿಂದ ನರಳಿ ಬದುಕುಳಿದವನು. ಇನ್ನು ಮೂರು ಭಾಗ ಮುಂದೆ ಹೋದರೆ ಕ್ರಿ.ಪೂ. 416ರ ಮೀಲೊಸ್: ಅದೇ ಅಥೆನ್ಸಿನವರು ಶರಣಾದ ದ್ವೀಪದ ಗಂಡಸರನ್ನು ಕೊಂದು ಹೆಂಗಸರು ಮಕ್ಕಳನ್ನು ಮಾರುತ್ತಾರೆ. ಭಾಷಣವನ್ನು ಇವುಗಳಿಂದ ಕತ್ತರಿಸಿ ತೆಗೆದು ಸುವರ್ಣಯುಗದ ಪ್ರಮಾಣಪತ್ರವಾಗಿ ಗೋಡೆಗೆ ತೂಗುಹಾಕುವುದು ಥ್ಯೂಸಿಡಿಡೀಸನಿಗೆ ಮಾಡುವ ದ್ರೋಹ. ಹೊಗಳುವ ಪಕ್ಷದವರು ಗ್ರೀಸಿಗೆ ಮಾಡುತ್ತಿರುವುದು ಇಂಥ ಸೇವೆ.

ಬಯ್ಯುವ ಪಕ್ಷದವರ ಸಂಗತಿ. ಗ್ರೀಸ್ ಯುರೋಪಿನವರ ಆಸ್ತಿ ಎಂದು ಇವರಿಗೆ ಹೇಳಿಕೊಟ್ಟವರು ಹತ್ತೊಂಬತ್ತನೆಯ ಶತಮಾನದ ಯುರೋಪಿನವರೇ. ಅವರ ಮಾತನ್ನು ಅಷ್ಟೊಂದು ಭಕ್ತಿಯಿಂದ ನಂಬುವವರು ತಮ್ಮನ್ನು ವಸಾಹತುಶಾಹಿಯ ವಿರೋಧಿಗಳೆಂದು ಕರೆದುಕೊಳ್ಳುವುದು ತಮಾಷೆಯಾಗಿದೆ. ಹೆರೊಡೋಟಸ್ ಹುಟ್ಟಿದ ಹ್ಯಾಲಿಕರ್ನಾಸಸ್ ಇಂದಿನ ತುರ್ಕಿಯ ಬೊದ್ರುಮ್. ಅವನು ಹುಟ್ಟಿದಾಗ ಅದು ಪರ್ಶಿಯಾದ ಅಧೀನದಲ್ಲಿತ್ತು. ನಮ್ಮವರು ಬಳಸಿದ ಯವನ ಎಂಬ ಪದವೇ ಏಷ್ಯಾದ ಕರಾವಳಿಯ ಅಯೋನಿಯಾದಿಂದ ಬಂದದ್ದು. 1958ರಲ್ಲಿ ಕಂದಹಾರದಲ್ಲಿ ಸಿಕ್ಕ ಅಶೋಕನ ಶಾಸನ ಗ್ರೀಕ್ ಮತ್ತು ಅರಮಾಯಿಕ್ ಭಾಷೆಗಳಲ್ಲಿದೆ. ಅದರಲ್ಲಿ ಧಮ್ಮಕ್ಕೆ ಸಮನಾಗಿ ಇಟ್ಟಿರುವ ಗ್ರೀಕ್ ಮಾತು ಎವುಸೆಬಿಯಾ, ದೇವರು ಹಿರಿಯರ ಬಗೆಗಿನ ಭಕ್ತಿ. ಆ ಮೇಲೆ ಅಲ್ಲಿಯೇ ಇನ್ನೊಂದು ಗ್ರೀಕ್ ಶಾಸನ ದೊರೆಯಿತು. ಅದರಲ್ಲಿ ಉಳಿದಿರುವುದು ಅಶೋಕನ ಹನ್ನೆರಡನೆಯ ಬಂಡೆಶಾಸನದ ಕೊನೆ, ಹದಿಮೂರನೆಯದರ ಮೊದಲು. ಪರಮತವನ್ನು ಹಳಿಯಬಾರದೆಂದು ಹೇಳುವ ಆ ಹನ್ನೆರಡನೆಯ ಶಾಸನ ಇನ್ನೆಲ್ಲಿದೆ? ನಮ್ಮ ಕಲಬುರಗಿ ಸೀಮೆಯ ಸನ್ನತಿಯಲ್ಲಿ, ಪ್ರಾಕೃತದಲ್ಲಿ, 1989ರಲ್ಲಿ ಬೆಳಕಿಗೆ ಬಂದ ಕಲ್ಲಿನ ಮೇಲೆ. ಒಬ್ಬನೇ ರಾಜನ ಒಂದೇ ಮಾತು, ಭೀಮಾತೀರದಲ್ಲಿ ಒಂದು ಭಾಷೆಯಲ್ಲಿ, ಕಂದಹಾರದಲ್ಲಿ ಗ್ರೀಕಿನಲ್ಲಿ. ಇವೆರಡನ್ನೂ ಅಕ್ಕಪಕ್ಕ ಇಟ್ಟು ಒಂದು ವಾರ ಪಾಠ ಮಾಡಬಲ್ಲ ದೇಶ ಲೋಕದಲ್ಲಿ ಯಾವುದಾದರೂ ಇದ್ದರೆ ಅದು ನಮ್ಮದು. ನಾವು ಮಾಡುತ್ತಿಲ್ಲ, ಗ್ರೀಕ್ ಬೇಕೋ ಬೇಡವೋ ಎಂದು ಜಗಳವಾಡುತ್ತಿದ್ದೇವೆ.

ಭಾಷೆ ಬಾರದಲ್ಲ ಎಂಬುದು ಎಲ್ಲ ಸಭೆಗಳಲ್ಲೂ ಕೇಳಿಬರುವ ಆಕ್ಷೇಪ. ಗ್ರೀಕ್ ಬಂದರೆ ಒಳ್ಳೆಯದು, ಸಂಶಯವಿಲ್ಲ. ಬಾರದಿದ್ದರೆ ಮೂಲಗಳನ್ನೇ ಮುಟ್ಟಬಾರದು ಎನ್ನುವುದು ಸೋಮಾರಿತನಕ್ಕೆ ಉಡಿಸಿದ ಮಡಿವಸ್ತ್ರ. ಮುಖ್ಯ ಗ್ರಂಥಗಳೆಲ್ಲ ಇಂಗ್ಲಿಷಿನಲ್ಲಿವೆ. ಎಡಪುಟದಲ್ಲಿ ಗ್ರೀಕ್, ಬಲಪುಟದಲ್ಲಿ ಅನುವಾದವಿರುವ ಲೋಬ್ ಮಾಲೆಯ ಹಳೆಯ ಸಂಪುಟಗಳೂ, ಟಫ್ಟ್ಸ್ ವಿಶ್ವವಿದ್ಯಾಲಯದ ಪರ್ಸಿಯಸ್ ಸಂಗ್ರಹವೂ ಅಂತರಜಾಲದಲ್ಲಿ ಪುಕ್ಕಟೆಯಾಗಿ ಸಿಗುತ್ತವೆ. ಬೇಕಾದದ್ದು ಇಪ್ಪತ್ತು ಮೂವತ್ತು ಪಾರಿಭಾಷಿಕ ಪದಗಳ ಪರಿಚಯ ಮತ್ತು ಅನುವಾದದ ಬಗ್ಗೆ ಆರೋಗ್ಯಕರ ಅನುಮಾನ. ಕನ್ನಡದಲ್ಲಿ ಯೋಚಿಸುವವನಿಗೆ ಈ ಅನುಮಾನ ಸುಲಭವಾಗಿ ಹುಟ್ಟಬೇಕು. ಡೆಮೊಕ್ರಾತಿಯಾ ಎಂಬುದನ್ನು ನಾವು ಪ್ರಜಾಪ್ರಭುತ್ವ ಎನ್ನುತ್ತೇವೆ. ಪ್ರಜೆ ಎಂದರೆ ಸಂತಾನ, ರಾಜನ ಪಾಲಿಗೆ ಮಕ್ಕಳಂತಿರುವವರು. ಆ ಪದದ ಬೆನ್ನಿಗೆ ಒಬ್ಬ ರಾಜ ನಿಂತೇ ಇರುತ್ತಾನೆ. ಗ್ರೀಕರ ಡೆಮೊಸ್ ಯಾರ ಮಕ್ಕಳೂ ಅಲ್ಲ. ಅದು ಸಭೆಯಲ್ಲಿ ಕೈಯೆತ್ತುವ ಗಂಡಸರ ಗುಂಪು. ಶ್ರೀಮಂತ ಲೇಖಕರ ಬಾಯಲ್ಲಿ ಬಡಜನರ ಗುಂಪು ಎಂಬ ತಿರಸ್ಕಾರದ ಧ್ವನಿಯೂ ಅದಕ್ಕುಂಟು. ಈ ಒಂದು ಪದದ ಮೇಲೆ ಒಂದು ತಾಸು ಚರ್ಚೆ ನಡೆದರೆ ಐದೈದು ಸುಧಾರಣೆಗಳ ಪಟ್ಟಿಗಿಂತ ಹೆಚ್ಚಿನದು ತಲೆಗೆ ಹೋಗುತ್ತದೆ.

ಕನ್ನಡದಲ್ಲೇ ಮೂಲಗಳಿಲ್ಲವೆ? ಬಿ.ಎಂ.ಶ್ರೀ. ಅವರನ್ನು ನಾವು 'ಇಂಗ್ಲಿಷ್ ಗೀತೆಗಳು' ಕೊಟ್ಟವರೆಂದು ನೆನೆಯುತ್ತೇವೆ, ಸೊಫೋಕ್ಲೀಸನ ಏಜಾಕ್ಸನನ್ನು 'ಅಶ್ವತ್ಥಾಮನ್' ಆಗಿಸಿದ್ದನ್ನೂ ಕೆಲವರು ನೆನೆಯುತ್ತಾರೆ. ಅವರ 'ಪಾರಸಿಕರು' ಮಾತ್ರ ಕಪಾಟಿನಲ್ಲೇ ಉಳಿದಿದೆ. ಈಸ್ಕಿಲಸನ ಆ ನಾಟಕ ಕ್ರಿ.ಪೂ. 472ರಲ್ಲಿ ರಂಗಕ್ಕೆ ಬಂತು, ಸಲಾಮಿಸ್ ಕದನವಾಗಿ ಎಂಟೇ ವರ್ಷಕ್ಕೆ. ಆ ಕದನದ ಬಗ್ಗೆ ನಮಗಿರುವ ಅತ್ಯಂತ ಹಳೆಯ ವಿಸ್ತಾರ ವರ್ಣನೆ ಅದು. ಹೆರೊಡೋಟಸ್ ಬರೆದದ್ದು ದಶಕಗಳ ನಂತರ. ಪರ್ಶಿಯಾದ ಹಡಗುಗಳಿಗೆ ಇಬ್ಬರೂ ಕೊಡುವ ಸಂಖ್ಯೆ 1,207. ಹಾಗಾದರೆ ಇವು ಎರಡು ಸಾಕ್ಷ್ಯಗಳೋ, ಅಥವಾ ಇತಿಹಾಸಕಾರ ನಾಟಕಕಾರನಿಂದ ಎತ್ತಿಕೊಂಡ ಒಂದೇ ಸಾಕ್ಷ್ಯವೋ? ಗೆದ್ದವರ ಊರಿನ ರಂಗದ ಮೇಲೆ ಸೋತವರು ಗೋಳಿಡುವಾಗ ಸಂಖ್ಯೆಗಳು ಹಿಗ್ಗುವುದಿಲ್ಲವೆ? ಈ ಪ್ರಶ್ನೆಗಳನ್ನು ಎತ್ತಲು ಬೇಕಾದ ಪಠ್ಯ ಕಳೆದ ಶತಮಾನದ ಪೂರ್ವಾರ್ಧದಿಂದಲೂ ಕನ್ನಡದಲ್ಲಿದೆ. ಸಾಹಿತ್ಯದ ವಿದ್ಯಾರ್ಥಿಗಳು ಅದನ್ನು ರುದ್ರನಾಟಕವೆಂದು ಓದುತ್ತಾರೆ, ಇತಿಹಾಸದ ವಿದ್ಯಾರ್ಥಿಗಳು ಓದುವುದೇ ಇಲ್ಲ.

ಮೂಲಗಳೆಂದರೆ ಗ್ರಂಥಗಳಷ್ಟೇ ಎಂದುಕೊಳ್ಳುವವರಿಗೆ ಸಿಗ್ಮಾದ ಕಥೆ ಹೇಳಬೇಕು. ಶಾಸನಗಳ ನಾಡಿನಿಂದ ಬಂದ ನಮಗೆ ಇದು ರುಚಿಸದಿದ್ದರೆ ಇನ್ನಾರಿಗೆ ರುಚಿಸೀತು? ಅಥೆನ್ಸಿನ ಹಳೆಯ ಶಾಸನಗಳಲ್ಲಿ ಸಿಗ್ಮಾ ಎಂಬ ಅಕ್ಷರವನ್ನು ಮೂರು ಗೆರೆಗಳಲ್ಲಿ ಕೆತ್ತುತ್ತಿದ್ದರು, ಆಮೇಲೆ ನಾಲ್ಕು ಗೆರೆಗಳಲ್ಲಿ. ಕ್ರಿ.ಪೂ. 446ರ ಸುಮಾರಿನ ನಂತರ ರಾಜ್ಯಶಾಸನಗಳಲ್ಲಿ ಮೂರು ಗೆರೆಯ ಸಿಗ್ಮಾ ಇರಲಾರದು ಎಂಬುದು ವಿದ್ವಾಂಸರ ನಿಯಮವಾಗಿತ್ತು. ಮಿತ್ರನಗರಗಳನ್ನು ಅಥೆನ್ಸ್ ಬಿಗಿಹಿಡಿದು ಕಪ್ಪ ವಸೂಲಿ ಮಾಡಿದ ಕೆಲವು ಕಠೋರ ಶಾಸನಗಳಲ್ಲಿ ಹಳೆಯ ಸಿಗ್ಮಾ ಇದೆ. ಆದ್ದರಿಂದ ಅವು ಪೆರಿಕ್ಲೀಸನ ಕಾಲದವು, ಸಾಮ್ರಾಜ್ಯದ ಕಬ್ಬಿಣದ ಮುಷ್ಟಿ ಅವನದೇ, ಎಂದಾಯಿತು. ಹೆರಾಲ್ಡ್ ಮ್ಯಾಟಿಂಗ್ಲಿ ಎಂಬ ಇಂಗ್ಲಿಷ್ ವಿದ್ವಾಂಸರು 1961ರಿಂದ ಇದನ್ನು ಒಬ್ಬಂಟಿಯಾಗಿ ವಿರೋಧಿಸಿದರು: ಕೆತ್ತುವವನ ಕೈ ರಾಜಕೀಯದ ತಾರೀಖು ನೋಡಿ ಬದಲಾಗುವುದಿಲ್ಲ, ಇವುಗಳಲ್ಲಿ ಕೆಲವು ಕ್ಲಿಯೊನನ ಕಾಲಕ್ಕೆ, ಪೆರಿಕ್ಲೀಸ್ ಸತ್ತ ಮೇಲಿನ ಯುದ್ಧಕಾಲಕ್ಕೆ ಸೇರಿದವು ಎಂದರು. ದಶಕಗಳ ಕಾಲ ಅವರ ಮಾತನ್ನು ಹೆಚ್ಚಿನವರು ಒಪ್ಪಲಿಲ್ಲ. ಜಗಳ ಒಂದು ಕಲ್ಲಿಗೆ ಬಂದು ನಿಂತಿತು. ಸಿಸಿಲಿಯ ಎಜೆಸ್ಟಾ ಊರಿನೊಡನೆ ಅಥೆನ್ಸ್ ಮಾಡಿಕೊಂಡ ಒಪ್ಪಂದ. ಮೂರು ಗೆರೆಯ ಸಿಗ್ಮಾ ಇರುವ ಶಾಸನ. ವರ್ಷಾಧಿಕಾರಿಯ ಹೆಸರಿನಲ್ಲಿ ಸ್ಪಷ್ಟವಾಗಿ ಉಳಿದದ್ದು ಕೊನೆಯ ಎರಡು ಅಕ್ಷರ. ಹ್ಯಾಬ್ರನ್ ಎಂದು ಓದಿದರೆ ಕ್ರಿ.ಪೂ. 458, ಆಂಟಿಫನ್ ಎಂದು ಓದಿದರೆ ಕ್ರಿ.ಪೂ. 418. ನಲುವತ್ತು ವರ್ಷಗಳ ರಾಜಕೀಯ ಸವೆದ ಎರಡು ಮೂರು ಅಕ್ಷರಗಳಿಗೆ ಜೋತುಬಿದ್ದಿತ್ತು. 1990ರಲ್ಲಿ ಮಾರ್ಟಿಮರ್ ಚೇಂಬರ್ಸ್ ಮತ್ತು ಸಂಗಡಿಗರು ಲೇಸರ್ ಕಿರಣ ಹಾಯಿಸಿ ತೆಗೆದ ಚಿತ್ರಗಳ ನೆರವಿನಿಂದ ಆಂಟಿಫನ್ ಎಂದು ಓದಿ ಪ್ರಕಟಿಸಿದರು. ಆಮೇಲೆ ಬಹುಪಾಲು ಶಾಸನತಜ್ಞರು ಆ ಕಡೆಗೆ ವಾಲಿದರು, ಹಳೆಯ ನಿಯಮ ಬಿದ್ದುಹೋಯಿತು.

ಹಲ್ಮಿಡಿಯ ಕಾಲನಿರ್ಣಯದ ಚರ್ಚೆಯನ್ನು ಬಲ್ಲ ಕನ್ನಡಿಗನಿಗೆ ಇದರಲ್ಲಿ ಅಪರಿಚಿತವಾದದ್ದು ಏನಿದೆ? ಲಿಪಿಯ ತಿರುವು ನೋಡಿ ಶತಮಾನ ಹೇಳುವುದು ನಮ್ಮಲ್ಲೂ ನಡೆದದ್ದೇ. ರೈಸರ 'ಎಪಿಗ್ರಾಫಿಯಾ ಕರ್ನಾಟಿಕ'ದ ಸಂಪುಟಗಳು ಇರುವ ಮನೆಗಳು ನಮ್ಮ ಪರಿಚಯದಲ್ಲೇ ಇವೆ. ಗ್ರೀಕ್ ಶಾಸನಶಾಸ್ತ್ರದ ಈ ಜಗಳವನ್ನು ಪೂರ್ತಿ ಬಿಡಿಸಿ ನೋಡಿದ ವಿದ್ಯಾರ್ಥಿ ತನ್ನ ಊರಿನ ವೀರಗಲ್ಲಿನ ಮುಂದೆ ಬೇರೆಯ ರೀತಿಯಲ್ಲಿ ನಿಲ್ಲುತ್ತಾನೆ. 

ಗ್ರಂಥಗಳ ವಿಷಯದಲ್ಲೂ ನೆಲದಡಿಯಿಂದ ಬಂದ ಅಚ್ಚರಿಗಳಿಗೆ ಕೊರತೆಯಿಲ್ಲ. ಜಾರ್ಜ್ ಗ್ರೋಟ್ 1846ರಿಂದ 1856ರವರೆಗೆ ಹನ್ನೆರಡು ಸಂಪುಟಗಳ ಗ್ರೀಸ್ ಇತಿಹಾಸವನ್ನು ಬರೆದಾಗ ಅರಿಸ್ಟಾಟಲನ ಹೆಸರಿನಲ್ಲಿರುವ 'ಅಥೆನ್ಸಿನ ರಾಜ್ಯವ್ಯವಸ್ಥೆ' ಕಳೆದುಹೋದ ಗ್ರಂಥ. ಅದು ಈಜಿಪ್ಟಿನಲ್ಲಿ, ಹೊಲಮನೆಯೊಂದರ ಆಯವ್ಯಯದ ಲೆಕ್ಕ ಬರೆದು ಬೇಡವಾದ ಪಪೈರಸ್ ಸುರುಳಿಗಳ ಹಿಂಬದಿಯಲ್ಲಿ ಸಿಕ್ಕಿತು. 1891ರಲ್ಲಿ ಲಂಡನ್ನಿನಲ್ಲಿ ಕೆನ್ಯನ್ ಪ್ರಕಟಿಸಿದರು. ಸೋಲನ್ ಮತ್ತು ಕ್ಲೈಸ್ಥೆನೀಸರ ಬಗ್ಗೆ ನಮ್ಮ ವಿದ್ಯಾರ್ಥಿಗಳು ಉರುಹೊಡೆಯುವ ಐದೈದು ಅಂಶಗಳಲ್ಲಿ ಹಲವು ಬಂದದ್ದು ಆ ಲೆಕ್ಕದ ಹಾಳೆಗಳ ಬೆನ್ನಿನಿಂದ. ಅವರಿಗೆ ಇದನ್ನು ಯಾರೂ ಹೇಳುವುದಿಲ್ಲ.

ಇನ್ನೊಂದು ವಸ್ತುವಿದೆ, ನನ್ನ ಮಟ್ಟಿಗೆ ಪಾರ್ಥೆನನ್ನಿಗಿಂತ ದೊಡ್ಡದು. ಅಥೆನ್ಸಿನ ಅಗೋರಾದಲ್ಲಿ ಸಿಕ್ಕ ಸೀಸದ ಚಿಕ್ಕ ತಗಡು, ಕ್ರಿ.ಪೂ. ನಾಲ್ಕನೆಯ ಶತಮಾನದ್ದು. ಡೇವಿಡ್ ಜೋರ್ಡನ್ ಅದನ್ನು 2000ದಲ್ಲಿ ಪ್ರಕಟಿಸಿದರು. ಲೇಸಿಸ್ ಎಂಬ ಹುಡುಗ ಕ್ಸೆನೊಕ್ಲೀಸ್ ಎಂಬುವನಿಗೂ ತನ್ನ ತಾಯಿಗೂ ಕಳಿಸಿದ ಓಲೆ. ಎರಕದ ಕುಲುಮೆಯಲ್ಲಿ ತಾನು ಸಾಯುತ್ತಿದ್ದೇನೆ, ದುಷ್ಟನೊಬ್ಬನ ಕೈಗೆ ಒಪ್ಪಿಸಲ್ಪಟ್ಟಿದ್ದೇನೆ, ಕಟ್ಟಿಹಾಕಿ ಚಾವಟಿಯಲ್ಲಿ ಹೊಡೆಯುತ್ತಾರೆ, ಒಡೆಯರ ಬಳಿ ಹೋಗಿ ಬೇರೆ ಏನಾದರೂ ದಾರಿ ಮಾಡಿ ಎಂಬುದು ಅದರ ಸಾರ. ಅವನು ಗುಲಾಮನೋ, ಕೆಲಸ ಕಲಿಯಲು ಬಿಟ್ಟ ಪರಸ್ಥಳದ ಸ್ವತಂತ್ರ ಹುಡುಗನೋ ಎಂಬುದರಲ್ಲಿ ಒಮ್ಮತವಿಲ್ಲ. ಇದನ್ನು ನಾನು ಒಮ್ಮೆ ತರಗತಿಯಲ್ಲಿ ಓದಿಸಿದಾಗ ಎಲ್ಲರೂ ಅನುಕಂಪದ ಮಾತಾಡಿದರು. ಹಿಂದಿನ ಬೆಂಚಿನಲ್ಲಿದ್ದ ಒಬ್ಬ ಹುಡುಗಿ ಮಾತ್ರ, "ಸರ್, ಇದನ್ನು ಬರೆದವರು ಯಾರು?" ಎಂದಳು. ಲೇಸಿಸ್ ಎಂದರು ಉಳಿದವರು. ಅವಳ ಅಜ್ಜ ಕುಂದಾಪುರದ ಕಡೆಯಿಂದ ಹತ್ತು ವರ್ಷದವನಿದ್ದಾಗ ಬಂದು ಫೋರ್ಟಿನ ಹೋಟೆಲಿನಲ್ಲಿ ಲೋಟ ತೊಳೆದು ರಾತ್ರಿಶಾಲೆಯಲ್ಲಿ ಅಕ್ಷರ ಕಲಿತವರು. "ಮೊದಮೊದಲು ಅಜ್ಜನ ಕಾಗದಗಳನ್ನು ಗಲ್ಲೆಯಲ್ಲಿ ಕೂತವರು ಬರೆದುಕೊಡುತ್ತಿದ್ದರಂತೆ ಸರ್. ಧಣಿ ಹೊಡೆದದ್ದನ್ನು ಅವರ ಕೈಯಲ್ಲಿ ಬರೆಸಲಿಕ್ಕಾಗುತ್ತದೆಯೆ? ಎಲ್ಲ ಕಾಗದದಲ್ಲೂ ನಾನು ಕ್ಷೇಮ ಅಂತಲೇ ಇರುತ್ತಿತ್ತಂತೆ." ಹಾಗಾದರೆ ಲೇಸಿಸ್ ತಾನೇ ಬರೆದನೆ? ಬರೆಯಲು ಎಲ್ಲಿ ಕಲಿತ? ಇನ್ನೊ‌ಬ್ಬ ಬರೆದುಕೊಟ್ಟಿದ್ದರೆ ಆ ಧೈರ್ಯಸ್ಥ ಯಾರು? ತಗಡು ತಾಯಿಯನ್ನು ಮುಟ್ಟಿತೆ? ಆ ದಿನದ ತಾಸು ಸಾಲಲಿಲ್ಲ. ಅಥೆನ್ಸಿನ ಸಾಕ್ಷರತೆಯ ಬಗ್ಗೆ ಅಷ್ಟು ಒಳ್ಳೆಯ ಚರ್ಚೆಯನ್ನು ನಾನು ವಿಚಾರಸಂಕಿರಣಗಳಲ್ಲೂ ಕೇಳಿಲ್ಲ. ಆ ವರ್ಷದ ಪರೀಕ್ಷೆಯಲ್ಲಿ ಬಂದ ಪ್ರಶ್ನೆ ಸುವರ್ಣಯುಗದ್ದೇ. ಮೌಲ್ಯಮಾಪನದ ಮಾದರಿ ಉತ್ತರದಲ್ಲಿ ಇಲ್ಲದ್ದನ್ನು ಬರೆದ ಅವಳಿಗೆ ಎಂಟು ಅಂಕ ಕಡಿಮೆಯಾಯಿತು.

ಭಾರತಕ್ಕೆ ಸಂಬಂಧಿಸಿದ ಗ್ರೀಕ್ ಆಕರಗಳಲ್ಲಿಯೂ ನಾವು ಇದೇ ಮೈಮರೆವನ್ನು ತೋರುತ್ತೇವೆ. ಮೆಗಸ್ತನೀಸನ 'ಇಂಡಿಕಾ'ದಲ್ಲಿ ಹೀಗಿದೆ ಎಂದು ಬರೆಯುವ ಪುಸ್ತಕಗಳಿಗೆ ಲೆಕ್ಕವಿಲ್ಲ. 'ಇಂಡಿಕಾ' ಎಂಬ ಗ್ರಂಥವೇ ಉಳಿದಿಲ್ಲ. ಸ್ಟ್ರಾಬೊ, ಡಯೊಡೋರಸ್, ಏರಿಯನ್, ಪ್ಲಿನಿ ಮೊದಲಾದವರು ಶತಮಾನಗಳ ತರುವಾಯ ತಮಗೆ ಬೇಕಾದಷ್ಟನ್ನು ತಮಗೆ ಬೇಕಾದಂತೆ ಎತ್ತಿಕೊಂಡ ತುಣುಕುಗಳನ್ನು 1846ರಲ್ಲಿ ಶ್ವಾನ್‌ಬೆಕ್ ಒಟ್ಟುಗೂಡಿಸಿದ, 1877ರಲ್ಲಿ ಮೆಕ್ರಿಂಡಲ್ ಇಂಗ್ಲಿಷಿಗೆ ತಂದ. ಅದೇ ತುಣುಕುಗಳಲ್ಲಿ ಚಿನ್ನ ತೋಡುವ ಇರುವೆಗಳೂ ಬಾಯಿಯಿಲ್ಲದ ಮನುಷ್ಯರೂ ಇದ್ದಾರೆ. ಸ್ಟ್ರಾಬೊ ಅವನನ್ನು ಸುಳ್ಳುಗಾರರ ಸಾಲಿಗೆ ಸೇರಿಸಿದ್ದಾನೆ. ಭಾರತದಲ್ಲಿ ಗುಲಾಮರಿಲ್ಲ ಎಂಬ ಅವನ ಮಾತನ್ನು ಹೆಮ್ಮೆಯಿಂದ ಉದ್ಧರಿಸುವವರು ಭಾರತೀಯರು ಬರಹವನ್ನು ಬಳಸುವುದಿಲ್ಲ ಎಂಬ ಅವನದೇ ಮಾತನ್ನು ನುಂಗಿಬಿಡುತ್ತಾರೆ. ಸಾಕ್ಷಿಯನ್ನು ಕಟಕಟೆಗೆ ಕರೆದಮೇಲೆ ಇಷ್ಟವಾದ ಮಾತನ್ನು ಮಾತ್ರ ಬರೆದುಕೊಳ್ಳುವ ನ್ಯಾಯಾಧೀಶ ಯಾವ ಊರಿನವನು?

ಇಲ್ಲಿಗೆ ಬಂದಮೇಲೆ ನಮ್ಮ ಮನೆಯ ವಿಷಯವನ್ನು ಮುಚ್ಚಿಡುವುದು ನ್ಯಾಯವಲ್ಲ. ಹೊರನಾಡಿನ ನಮ್ಮ ಸಂಘಗಳಲ್ಲಿ ನವೆಂಬರ್ ಬಂತೆಂದರೆ ವೇದಿಕೆಯ ಮೇಲೆ ಒಂದು ಮಾತು ಬಂದೇ ಬರುತ್ತದೆ: ಎರಡನೆಯ ಶತಮಾನದ ಗ್ರೀಕ್ ನಾಟಕದಲ್ಲಿ ಕನ್ನಡವಿದೆ. ಚಪ್ಪಾಳೆ ಬೀಳುತ್ತದೆ. ಆ ನಾಟಕವನ್ನು ಕಂಡವರೆಷ್ಟು ಜನ? ಈಜಿಪ್ಟಿನ ಆಕ್ಸಿರಿಂಕಸ್ಸಿನ ತಿಪ್ಪೆಗಳಲ್ಲಿ ಗ್ರೆನ್‌ಫೆಲ್ ಮತ್ತು ಹಂಟ್ ಅಗೆದು ತೆಗೆದ ಪಪೈರಸ್ಸುಗಳಲ್ಲಿ 413ನೆಯದು ಅದು, 1903ರಲ್ಲಿ ಅಚ್ಚಾಯಿತು. ಖ್ಯಾರಿಟಿಯನ್ ಎಂಬ ಗ್ರೀಕ್ ಹೆಣ್ಣು ಭಾರತದ ಕರಾವಳಿಯ ಗುಡಿಯೊಂದರಲ್ಲಿ ಸೆರೆಯಾಗಿದ್ದಾಳೆ. ಅಣ್ಣನೂ ಸಂಗಡಿಗರೂ ಅಲ್ಲಿಯ ರಾಜನಿಗೆ ಮದ್ಯ ಕುಡಿಸಿ ಅವಳನ್ನು ಬಿಡಿಸಿಕೊಂಡು ಹೋಗುತ್ತಾರೆ. ಯೂರಿಪಿಡೀಸನ ಇಫಿಜಿನಿಯಾದ ಕಥೆಯ ಅಣಕು. ರಾಜನೂ ಅವನ ಕಡೆಯವರೂ ಆಡುವ ಅರ್ಥವಾಗದ ಮಾತುಗಳು ಕನ್ನಡವೆಂದು 1904ರಲ್ಲಿ ಹೂಲ್ಟ್ಷ್ ಸೂಚಿಸಿದರು. ಶಾಮಶಾಸ್ತ್ರಿಗಳೂ ಗೋವಿಂದ ಪೈಗಳೂ ಅದನ್ನು ಮುಂದುವರಿಸಿದರು. ತುಳು ಎಂದವರೂ ಇದ್ದಾರೆ. 1926ರಲ್ಲಿ ಬಾರ್ನೆಟ್ ಇದನ್ನು ಅಲ್ಲಗಳೆದು ಬರೆದರು. ಬಾರ್ನೆಟ್ ಕನ್ನಡದ ವೈರಿಯಲ್ಲ, ಕನ್ನಡ ಶಾಸನಗಳನ್ನು ಸಂಪಾದಿಸಿದ ವಿದ್ವಾಂಸ. ಅವರ ಹೆಸರು ನಮ್ಮ ಭಾಷಣಗಳಲ್ಲಿ ಕೇಳಿದ್ದೀರಾ?

ಅದು ಕನ್ನಡವಲ್ಲ ಎಂದು ನಾನು ಸಾಧಿಸಹೊರಟಿಲ್ಲ. ಆದರೆ ಗ್ರೀಕ್ ಹಾಸ್ಯನಾಟಕದ ಪರಂಪರೆಯನ್ನು ಓದಿದವನಿಗೆ ಕ್ರಿ.ಪೂ. 425ರಷ್ಟು ಹಿಂದೆಯೇ ಅರಿಸ್ಟೊಫನೀಸ್ ಒಬ್ಬ ಪರ್ಶಿಯನ್ ರಾಯಭಾರಿಯ ಬಾಯಲ್ಲಿ ಪರ್ಶಿಯನ್ನಿನಂತೆ ಕೇಳಿಸುವ ಗೊಂದಲದ ಸದ್ದನ್ನು ಇಟ್ಟು ನಗಿಸಿದ್ದು ಗೊತ್ತಿರುತ್ತದೆ. ಪದಗಳ ನಡುವೆ ತೆರವಿಲ್ಲದೆ ಬರೆದ ಸಾಲನ್ನು ಎಲ್ಲಿ ಬೇಕಾದರೂ ಒಡೆಯಬಹುದು. ಳ, ಟ, ಡಗಳ ಭೇದವನ್ನು ಗ್ರೀಕ್ ಲಿಪಿ ತೋರಿಸಲಾರದು. ಪಕಾರ ಹಕಾರವಾದದ್ದು ಕನ್ನಡದಲ್ಲಿ ಎಷ್ಟೋ ಶತಮಾನಗಳ ಮೇಲೆ. ಎರಡನೆಯ ಶತಮಾನದ ಹಾಳೆಯಲ್ಲಿ 'ಹಾಕಿ' ಎಂಬ ರೂಪವನ್ನು ಕಾಣುವವರು ಅದಕ್ಕೆ ಸಮಾಧಾನ ಹೇಳಬೇಕು. ಮಧು, ಪಾತ್ರ ಎಂಬ ಪದಗಳು ಅಲ್ಲಿವೆಯೆಂದೇ ಇಟ್ಟುಕೊಂಡರೂ ಅವು ಭಾರತದ ಯಾವ ಭಾಷೆಯಲ್ಲಾದರೂ ಇರಬಹುದಾದ ಸಂಸ್ಕೃತ ಪದಗಳು. ಇಷ್ಟು ಪ್ರಶ್ನೆಗಳನ್ನು ದಾಟಿ ಬಂದ ಹೆಮ್ಮೆಗೆ ಬೆಲೆಯಿದೆ. ಮೈಕಿನ ಮುಂದೆ ಹುಟ್ಟಿದ ಹೆಮ್ಮೆ ಬೇರೆ ಭಾಷೆಯ ಗೆಳೆಯನ ಒಂದು ಪ್ರಶ್ನೆಗೆ ತತ್ತರಿಸುತ್ತದೆ, ಮತ್ತು ಹೊರನಾಡಿನಲ್ಲಿರುವ ನಮ್ಮ ಸುತ್ತ ಅಂಥ ಗೆಳೆಯರೇ ಹೆಚ್ಚು.

ಆದ್ದರಿಂದ ಪಠ್ಯಕ್ರಮ ಸಮಿತಿಗಳ ಮುಂದೆ ನನ್ನ ಕೋರಿಕೆ ದೊಡ್ಡದೇನಲ್ಲ. ಗ್ರೀಸಿನ ಪತ್ರಿಕೆಯನ್ನು ಉಳಿಸಿ, ಅದರ ಅರ್ಧ ಭಾರವನ್ನು ಇಳಿಸಿ. ಮೈಸಿನಿಯಿಂದ ಅಲೆಕ್ಸಾಂಡರನವರೆಗೆ ಓಡಬೇಕಾಗಿಲ್ಲ; ಒಂದು ಶತಮಾನ ಸಾಕು. ಪ್ರಶ್ನೆಪತ್ರಿಕೆಯಲ್ಲಿ ಒಂದಾದರೂ ಪ್ರಶ್ನೆ ಹೀಗಿರಲಿ: ವಿದ್ಯಾರ್ಥಿ ಹಿಂದೆ ಕಾಣದ ಹದಿನೈದು ಸಾಲಿನ ಮೂಲಭಾಗವೊಂದನ್ನು ಕೊಟ್ಟು, ಬರೆದವನು ಯಾರು, ಎಷ್ಟು ಕಾಲದ ಮೇಲೆ ಬರೆದ, ಯಾರಿಂದ ತಿಳಿದ, ಏನನ್ನು ಹೇಳದೆ ಬಿಟ್ಟಿದ್ದಾನೆ ಎಂದು ಕೇಳಿ. ಇದಕ್ಕೆ ಗೈಡು ಬರೆಯಲಾಗುವುದಿಲ್ಲ ಎಂಬುದೇ ಇದರ ಮೊದಲ ಗುಣ. ಮೌಲ್ಯಮಾಪನ ಕಷ್ಟವಾಗುತ್ತದೆ ಎನ್ನುವ ಅಧ್ಯಾಪಕರಿಗೆ, ಹೌದು, ಕಷ್ಟವಾಗುತ್ತದೆ, ಸಂಬಳ ಅದಕ್ಕಾಗಿಯೇ. ಕೊನೆಯ ವಾರಕ್ಕೆ 413ನೆಯ ಪಪೈರಸ್ಸನ್ನು ಇಡಿ. 1903ರ ಸಂಪುಟ ಜಾಲದಲ್ಲಿ ಯಾರಿಗೂ ಸಿಗುತ್ತದೆ. ಅದರೊಡನೆ ಬಾರ್ನೆಟ್ಟರ ಲೇಖನವನ್ನೂ ಶಾಮಶಾಸ್ತ್ರಿಗಳ ವಾದವನ್ನೂ ಕೈಗೆ ಕೊಡಿ. ಮುಂಬಯಿಯಲ್ಲೂ ಪುಣೆಯಲ್ಲೂ ಹೈದರಾಬಾದಿನಲ್ಲೂ ಮನೆಯಲ್ಲಿ ಕನ್ನಡವೋ ತುಳುವೋ ಆಡುವ ಮಕ್ಕಳು ಇತಿಹಾಸದ ತರಗತಿಗಳಲ್ಲಿ ಇನ್ನೂ ಇದ್ದಾರೆ. ಗ್ರೀಕ್ ಪ್ರವೀಣರೇ ತಡವರಿಸಿ ನಿಂತ ಆ ಸಾಲುಗಳನ್ನು ಅವರು ಗಟ್ಟಿಯಾಗಿ ಓದಿ ನೋಡಲಿ, ಎಲ್ಲಿ ಕನ್ನಡ ಕೇಳಿಸುತ್ತದೆ, ಎಲ್ಲಿ ಕೇಳಿಸುವುದಿಲ್ಲ ಎಂದು ಬರೆದುಕೊಡಲಿ.